ದ್ರಾಕ್ಷಿ ಒಣಗಿಸಿ ವೈನ್ ಮಾಡುವ ಇಟಲಿಯ ಮನೆತನ

ನಮ್ಮ ವಿಜಯಪುರ ಕಡೆ ದ್ರಾಕ್ಷಿ ಒಣಗಿಸೋದು ಅಂದ್ರೆ ಮಣೂಕ ಮಾಡಲಿಕ್ಕೆ. ಡಿಪ್ಪಿಂಗ್ ಆಯಿಲ್‌ನಲ್ಲಿ ಅದ್ದಿ, ಶೆಡ್ಡಿನ ನೆಟ್ ಮೇಲೆ ಹರವಿದರೆ ಎರಡು-ಮೂರು ವಾರದ ಕೆಲಸ. ಇಟಲಿಯ ವೆರೋನಾ ಪಕ್ಕದ ವಾಲ್ಪೊಲಿಚೆಲ್ಲಾ ಗುಡ್ಡಗಳಲ್ಲಿ ವೈನ್ ಮಾಡಲಿಕ್ಕೂ ದ್ರಾಕ್ಷಿ ಒಣಗಿಸ್ತಾರೆ. ಅದೂ ಸುಮಾರು ನೂರು ದಿನ!

ಅಲ್ಲಿ ಸೆರೆಗೊ ಅಲಿಗಿಯೇರಿ ಮನೆತನದ ತೋಟವಿದೆ. ಮಹಾಕವಿ ದಾಂತೆಯ ಮಗ ಪಿಯೆತ್ರೊ 1353ರಲ್ಲಿ ಕೊಂಡ ಜಮೀನು ಅದು, ಇವತ್ತಿಗೂ ವಂಶದವರ ಕೈಯಲ್ಲೇ ಇದೆ. ನಡುವೆ ಗಂಡು ಸಂತತಿ ನಿಂತಾಗ ಮಗಳು ಜಿನೇವ್ರಾಳ ಮದುವೆಯಿಂದ ಸೆರೆಗೊ ಎಂಬ ಹೆಸರು ಕೂಡಿಕೊಂಡಿತು. ಅಣ್ಣ-ತಮ್ಮಂದಿರ ಪಾಲಿನಲ್ಲಿ ನಾಲ್ಕೆಕರೆ ನಾಲ್ಕು ತುಂಡಾಗೋದನ್ನ ಕಂಡವನಿಗೆ ಇದೇ ದೊಡ್ಡ ಆಶ್ಚರ್ಯ. 1973ರಿಂದ ವೈನ್ ತಯಾರಿಕೆಗೆ ಮಾಸಿ ಎಂಬ ಇನ್ನೊಂದು ಕುಟುಂಬದ ಸಂಸ್ಥೆ ಜೊತೆಯಾಗಿದೆ.

ಈಗ ಕೆಲಸದ ವಿಷಯ. ಕೊರ್ವಿನಾ, ರೊಂದಿನೆಲ್ಲಾ, ಮೊಲಿನಾರಾ ಅಲ್ಲಿಯ ಸ್ಥಳೀಯ ತಳಿಗಳು. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಕಾಯಿ ಬಿಗಿಯಾಗಿ ಒತ್ತಿಕೊಳ್ಳದ, ಗಾಯವಿಲ್ಲದ ಗೊನೆಗಳನ್ನೇ ಕೈಯಿಂದ ಆರಿಸ್ತಾರೆ. ಅಟ್ಟದ ಕೋಣೆಯಲ್ಲಿ ಬಿದಿರಿನ ತಟ್ಟಿಗಳ ಮೇಲೆ ಒಂದೇ ಪದರಾಗಿ ಇಡ್ತಾರೆ. ಇದೇ ತಟ್ಟಿಗಳ ಮೇಲೆ ಹಿಂದೆ ರೇಷ್ಮೆ ಹುಳುವನ್ನೂ ಸಾಕುತ್ತಿದ್ದರು. ಎಣ್ಣೆಯಿಲ್ಲ, ಬಿಸಿಲಿಲ್ಲ. ತಂಪು ಗಾಳಿಯೊಂದೇ. ಚಳಿಗಾಲದ ನಡುವಿಗೆ ಹಣ್ಣು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೂಕ ಕಳೆದುಕೊಂಡಿರ್ತದೆ. ಸಕ್ಕರೆ, ರುಚಿ ಎಲ್ಲಾ ಉಳಿದ ರಸದಲ್ಲಿ ಗಟ್ಟಿಯಾಗ್ತದೆ. ಆಮೇಲೆ ಅರೆದು ಚಳಿಯಲ್ಲೇ ನಿಧಾನ ಹುಳಿಸ್ತಾರೆ. ಸಕ್ಕರೆ ಉಳಿಯುವಂತೆ ನಡುವೆ ನಿಲ್ಲಿಸಿದರೆ ಸಿಹಿ ರೆಚೊತೊ, ಪೂರ್ತಿ ಹುಳಿಯಲು ಬಿಟ್ಟರೆ ಕಹಿ ಛಾಯೆಯ ಅಮರೋನೆ. ಈ ಮನೆತನದ ಅಮರೋನೆಯನ್ನು ಕೊನೆಗೆ ಕೆಲ ಕಾಲ ಚೆರ್ರಿ ಮರದ ಪೀಪಾಯಿಯಲ್ಲಿ ಇಡೋದು ರೂಢಿ.

ನೂರು ದಿನವೂ ಭಯ ಬೂಷ್ಟಿನದು. ಒಣ ಗಾಳಿ ಬೀಸಿದಾಗ ಕಿಟಕಿ ತೆರೀಬೇಕು, ಮಂಜು ಕವಿದರೆ ಮುಚ್ಚಬೇಕು, ಕೊಳೆತ ಕಾಯಿ ಕಂಡರೆ ಕೂಡಲೇ ತೆಗೀಬೇಕು. ಇದನ್ನ ಓದುವಾಗ ನನ್ನ ಶೆಡ್ಡೇ ಕಣ್ಮುಂದೆ ಬಂತು. ಹೋದ ಮಾರ್ಚ್‌ನಲ್ಲಿ ಅಕಾಲದ ಮಳೆಗೆ ಹೆದರಿ ನಾಲ್ಕೂ ಕಡೆ ತಾಡಪತ್ರಿ ಕಟ್ಟಿ ಎರಡು ದಿನ ಬಿಚ್ಚಲೇ ಇಲ್ಲ. ಗಾಳಿಯಾಡದೆ ಕೆಳಗಿನ ಎರಡು ಅಂತಸ್ತಿನ ಮಾಲು ಬೂಷ್ಟು ಹಿಡೀತು. ಮಳೆ ಮಾಲನ್ನ ಮುಟ್ಟಿರಲೇ ಇಲ್ಲ, ಕೆಡಿಸಿದ್ದು ನಾನೇ.

ಅವರ ನೂರು ದಿನದ ಪದ್ಧತಿಯನ್ನ ನಮ್ಮ ಬೇಸಿಗೆಯಲ್ಲಿ, ಥಾಮ್ಸನ್ ತಳಿಯಲ್ಲಿ ಮಾಡಲು ಹೋಗಬೇಡಿ. ಆದರೆ ಗೊನೆ ಆರಿಸೋದು, ಒಂದೇ ಪದರಾಗಿ ಹರವೋದು ನಮ್ಮ ಶೆಡ್ಡಿಗೂ ಹೊಂದ್ತದೆ. ಈ ಸಲ ನಾನು ತಾಡಪತ್ರಿಯನ್ನ ಮಳೆ ಬಡಿಯುವ ಕಡೆಗೆ ಮಾತ್ರ ಇಳಿಬಿಡ್ತೀನಿ, ಮಳೆ ನಿಂತ ಕೂಡಲೇ ಮೇಲೆ ಸುತ್ತಿ ಕಟ್ತೀನಿ.