ಹಳೆ ತಂಬೂರಿಯ ಗೀರು

ಬುಧಗಾಂವದ ಓದುಗರೇ, ಹಳೆ ತಂಬೂರಿ ಕೊಳ್ಳುವಾಗ ಪಾಲಿಶ್ ಮಾಸಿದ್ದಕ್ಕೆ, ಅಂಚಿನ ಸೆಲ್ಯುಲಾಯ್ಡ್ ಪಟ್ಟಿ ಎದ್ದದ್ದಕ್ಕೆ ಹಿಂಜರಿಯಬೇಡಿ. ಅವನ್ನೇ ತೋರಿಸಿ ಬೆಲೆ ಇಳಿಸಿ. ಮಿರಮಿರ ಹೊಳೆಯುವ ಹಳೆ ತಂಬೂರಿ ಕಂಡರೇ ನನಗೆ ಅನುಮಾನ, ಹೊಸ ಪಾಲಿಶಿನಡಿ ಸೀಳು ಅಡಗಿರಬಹುದು. ಬುರುಡೆಯನ್ನು ಬೆಳಕಿಗೆ ಹಿಡಿದು ಬೆರಳಿನಿಂದ ಮೆಲ್ಲಗೆ ತಟ್ಟುತ್ತ ಹೋಗಿ. ಬಿರುಕಿದ್ದಲ್ಲಿ ಸದ್ದು ಒಡೆಯುತ್ತದೆ. ದಂಡಿ ಬುರುಡೆಗೆ ಕೂಡುವ ಕೊರಳು ತಂತಿಗಳ ಎಳೆತ ಹೊರುವ ಜಾಗ. ಅಲ್ಲಿ ಕೂದಲೆಳೆಯಷ್ಟು ಬಾಯಿ ಬಿಟ್ಟಿದ್ದರೂ ಬೇಡವೇ ಬೇಡ. ದಂಡಿ ಬಾಗಿದ್ದರೂ ಅಷ್ಟೇ. ಕುದುರೆಯ ಮೇಲೆ ತಂತಿ ಕೊರೆದ ಗೆರೆಗೆ ಹೆದರಬೇಡಿ, ಜವಾರಿ, ಅಂದರೆ ನಾದದ ಝೇಂಕಾರ, ಮತ್ತೆ ತೆಗೆಸಬಹುದು. ಬಿರಡೆ ಜಾರಿದರೆ ಸೀಮೆಸುಣ್ಣ ಹಚ್ಚಿ. 2024ರಲ್ಲಿ ಜಿಐ ಮಾನ್ಯತೆ ಪಡೆದ ತಂಬೂರಿಗಳ ಊರು ಮಿರಜ ನಿಮ್ಮ ಪಕ್ಕದಲ್ಲೇ ಇದೆಯಲ್ಲ! ಮುಂಗಡ ಕೊಡುವ ಮೊದಲು ಅಲ್ಲಿನ ಕುಶಲಕರ್ಮಿಯೊಬ್ಬರಿಗೆ ತೋರಿಸಿ. ರಿಪೇರಿ ಖರ್ಚು ಕೇಳಿಕೊಂಡೇ ಚೌಕಾಸಿಗೆ ಕೂರಿ.