ಜೇಡಿಮಣ್ಣಿನ ಪದರಗಳೂ ನಮ್ಮ ಕುಡಿಯುವ ನೀರೂ

ಆಷಾಢದಲ್ಲಿ ಹೊಳೆನರಸೀಪುರದ ಸೇತುವೆಯ ಮೇಲೆ ನಿಂತು ಹೇಮಾವತಿಯನ್ನು ನೋಡಿದವರಿಗೆ ಅದರ ಕೆಂಪು ಬಣ್ಣವನ್ನು ವರ್ಣಿಸಿ ಹೇಳಬೇಕಾದುದಿಲ್ಲ. 1979ರಲ್ಲಿ ಗೊರೂರಿನ ಅಣೆಕಟ್ಟು ಮುಗಿದ ಮೇಲೆ ಹೊಳೆಯ ರಭಸ ತಗ್ಗಿತೆಂದು ಹಿರಿಯರು ಹೇಳುವರಾದರೂ, ಮಳೆ ಹಿಡಿದ ದಿನಗಳಲ್ಲಿ ಹಳ್ಳಕೊಳ್ಳಗಳು ತರುವ ಕೆಮ್ಮಣ್ಣಿಗೇನೂ ಕೊರತೆಯಿಲ್ಲ. ಕಳೆದ ವರ್ಷ ಅಂತಹ ನೀರನ್ನು ಎರಡು ಗಾಜಿನ ಲೋಟಗಳಲ್ಲಿ ತಂದು ವಿದ್ಯಾರ್ಥಿನಿಲಯದ ಕಿಟಕಿಯಲ್ಲಿ ಇಟ್ಟೆನು. ಒಂದರಲ್ಲಿ ಪಟಿಕದ ಹರಳನ್ನು ನಾಲ್ಕು ಸುತ್ತು ತಿರುಗಿಸಿ ತೆಗೆದೆನು. ಇನ್ನೊಂದನ್ನು ಹಾಗೆಯೇ ಬಿಟ್ಟೆನು. ಪಟಿಕ ಕಂಡ ನೀರು ಸಂಜೆಯೊಳಗೆ ತಿಳಿಯಾಯಿತು. ಇನ್ನೊಂದರಲ್ಲಿ ಮರಳು ಮಾತ್ರ ತಳಕ್ಕಿಳಿದು, ಮೂರನೆಯ ದಿನವೂ ನೀರು ಕದಡಿಕೊಂಡೇ ಇದ್ದಿತು. ಕೋಣೆಯ ಗೆಳೆಯರು ನಕ್ಕು, ಭೂಗೋಳದ ವಿದ್ಯಾರ್ಥಿಗೆ ರಸಾಯನಶಾಸ್ತ್ರದ ಹುಚ್ಚು ಹಿಡಿದಿದೆ ಎಂದರು. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮಣ್ಣು ನೀರಿಗಿಂತ ಭಾರವಾದುದು. ಹಾಗಿದ್ದೂ ಅದು ಮುಳುಗಲಿಲ್ಲವೇಕೆ?

ಉತ್ತರವು ಮಣ್ಣಿನ ಅತಿ ಸೂಕ್ಷ್ಮ ಭಾಗವಾದ ಜೇಡಿಯಲ್ಲಿದೆ. ಮರಳನ್ನು ಎಷ್ಟು ಪುಡಿಮಾಡಿದರೂ ಅದು ಸಣ್ಣ ಮರಳೇ ಹೊರತು ಜೇಡಿಯಾಗುವುದಿಲ್ಲ. ಜೇಡಿಯ ರಚನೆಯೇ ಬೇರೆ. ಮದುವೆಯ ಊಟದಲ್ಲಿ ಬಡಿಸುವ ಚಿರೋಟಿಯನ್ನು ನೆನೆಯಿರಿ: ಎಲೆಯಂತೆ ತೆಳುವಾದ ಹಾಳೆಗಳು ಒಂದರ ಮೇಲೊಂದು ಕುಳಿತಿರುವುವು. ಜೇಡಿಯ ಕಣವೂ ಹಾಗೆಯೇ. ಸಿಲಿಕಾನು ಮತ್ತು ಆಮ್ಲಜನಕದ ಹಾಳೆಯೊಂದು, ಅಲ್ಯುಮಿನಿಯಂ ಮತ್ತು ಆಮ್ಲಜನಕದ ಹಾಳೆಯೊಂದು ಬೆಸೆದುಕೊಂಡರೆ ಕೆಯೋಲಿನೈಟ್ ಎಂಬ ಜೇಡಿಯ ಒಂದು ಪದರವಾಗುವುದು. ಎರಡು ಸಿಲಿಕಾನು ಹಾಳೆಗಳ ನಡುವೆ ಒಂದು ಅಲ್ಯುಮಿನಿಯಂ ಹಾಳೆ ಸಿಕ್ಕಿದರೆ ಮಾಂಟ್‌ಮೊರಿಲೊನೈಟ್ ಆಗುವುದು. ಮೊದಲನೆಯದರ ಪದರದ ದಪ್ಪ 0.7 ನ್ಯಾನೋಮೀಟರು, ಎರಡನೆಯದರದು ಸುಮಾರು 1 ನ್ಯಾನೋಮೀಟರು. ನ್ಯಾನೋಮೀಟರೆಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಅಭ್ರಕ, ಕ್ಲೋರೈಟು ಮೊದಲಾದ ಈ ವಂಶದ ಖನಿಜಗಳ ರಚನೆಯನ್ನು ಕ್ಷ-ಕಿರಣಗಳ ನೆರವಿನಿಂದ 1930ರಲ್ಲಿ ಬಿಡಿಸಿ ತೋರಿಸಿದವರಲ್ಲಿ ಅಮೆರಿಕದ ಲೈನಸ್ ಪಾಲಿಂಗ್ ಮುಖ್ಯರು. ಇಂದು ನ್ಯಾನೋ ಎಂಬ ಮಾತನ್ನು ಹೊಸ ಅವತಾರವೆಂಬಂತೆ ಜಾಹೀರಾತುಗಳಲ್ಲಿ ಕಾಣುತ್ತೇವೆ. ನಮ್ಮ ಕೆರೆಯಂಗಳದ ಗೋಡು ಎಂದಿನಿಂದಲೂ ನ್ಯಾನೋ ವಸ್ತುವೇ ಆಗಿದೆ.

ಈ ಪದರಗಳು ಬರಿಯ ಹಾಳೆಗಳಲ್ಲ. ಮಾಂಟ್‌ಮೊರಿಲೊನೈಟಿನಲ್ಲಿ ಮೂರು ಧನ ವಿದ್ಯುದಂಶಗಳುಳ್ಳ ಅಲ್ಯುಮಿನಿಯಂ ಇರಬೇಕಾದ ಕೆಲವು ಸ್ಥಾನಗಳಲ್ಲಿ ಎರಡೇ ಅಂಶಗಳುಳ್ಳ ಮೆಗ್ನೀಸಿಯಂ ಬಂದು ಕುಳಿತಿರುವುದು. ಲೆಕ್ಕದಲ್ಲಿ ಒಂದು ಧನ ಕಡಮೆಯಾದುದರಿಂದ ಇಡೀ ಪದರಕ್ಕೆ ಋಣ ವಿದ್ಯುತ್ತು ಬರುವುದು. ಕೊರತೆಯನ್ನು ತುಂಬಲು ಸೋಡಿಯಂ, ಕ್ಯಾಲ್ಸಿಯಂಗಳಂತಹ ಧನ ಅಯಾನುಗಳು ಪದರಗಳ ನಡುವೆ ಬಂದು ನಿಲ್ಲುವುವು. ಆದರೆ ಅವು ಅಲ್ಲಿ ಬಾಡಿಗೆದಾರರು ಮಾತ್ರ. ಬೇರೊಂದು ಧನ ಅಯಾನು ಬಂದರೆ ಜಾಗ ಬಿಟ್ಟು ಹೊರಡುವುವು. ಲೋಟದಲ್ಲಿ ಕಣಗಳು ಮುಳುಗದಿದ್ದುದಕ್ಕೂ ಕಾರಣ ಇದೇ. ಎಲ್ಲವೂ ಋಣವಾದುದರಿಂದ ಒಂದನ್ನೊಂದು ತಳ್ಳುತ್ತ, ಗಂಟುಕೂಡದೆ ತೇಲುತ್ತಿದ್ದುವು. ಪಟಿಕದ ಅಲ್ಯುಮಿನಿಯಂ ಧನವಾದುದು. ಅದು ಬಂದು ಜಗಳ ಬಿಡಿಸಿದ ಕೂಡಲೇ ಕಣಗಳು ಕೂಡಿ ತಳಕ್ಕಿಳಿದುವು. ಅರಕಲಗೂಡಿನ ಕಡೆಯ ನನ್ನ ಅಜ್ಜಿ ಹೊಳೆಯ ನೀರಿಗೆ ನುಗ್ಗೆಯ ಬೀಜವನ್ನು ಅರೆದು ಹಾಕುತ್ತಿದ್ದರು. ಆ ಬೀಜದ ಪ್ರೋಟೀನು ಧನ ವಿದ್ಯುತ್ತುಳ್ಳದ್ದೆಂದು ಈಗ ತಿಳಿದಿದೆ. ಅಜ್ಜಿಗೆ ಅಯಾನು ಗೊತ್ತಿರಲಿಲ್ಲ, ನೀರು ತಿಳಿಯಾಗುವುದು ಗೊತ್ತಿತ್ತು.

ಎಲ್ಲ ಜೇಡಿಗಳ ಶಕ್ತಿಯೂ ಒಂದೇ ಅಲ್ಲ. ನೂರು ಗ್ರಾಂ ಕೆಯೋಲಿನೈಟು 3ರಿಂದ 15 ಮಿಲಿ ಈಕ್ವಿವೆಲೆಂಟುಗಳಷ್ಟು ಅಯಾನುಗಳನ್ನು ಮಾತ್ರ ವಿನಿಮಯ ಮಾಡಬಲ್ಲುದು. ಮಾಂಟ್‌ಮೊರಿಲೊನೈಟು 80ರಿಂದ 120ರವರೆಗೆ ಮಾಡುವುದು. ಎರಡನೆಯದರ ಒಂದು ಗ್ರಾಮಿನ ಪದರಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 750 ಚದರ ಮೀಟರು, ಎಂದರೆ ಐದಾರು ಕಬಡ್ಡಿ ಅಂಕಣಗಳ ವಿಸ್ತಾರ. ಧಾರವಾಡ, ರಾಯಚೂರುಗಳ ಎರೆಭೂಮಿಯಲ್ಲಿ ಈ ಜಾತಿಯ ಜೇಡಿ ಹೇರಳ. ಅಲ್ಲಿನ ನೆಲ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವುದೂ ಅದರಿಂದಲೇ. ನಮ್ಮ ಜಿಲ್ಲೆಯ ಕೆಮ್ಮಣ್ಣಿನಲ್ಲಿಯೂ ಅರಸೀಕೆರೆ ಕಡೆಯ ಬಾಗೇಶಪುರದ ಬಿಳಿ ಜೇಡಿಯಲ್ಲಿಯೂ ಕೆಯೋಲಿನೈಟಿನದೇ ಮೇಲುಗೈ. ಪಿಂಗಾಣಿಗೆ ಅದು ಉತ್ತಮವಾದುದು, ವಿನಿಮಯಕ್ಕೆ ಬಡವ.

ಜೇಡಿಯನ್ನು ಔಷಧಿಯಾಗಿ ಬಳಸುವುದು ಹೊಸತಲ್ಲ. ಭೇದಿಗೆ ಕೆಯೋಲಿನನ್ನೂ ಸ್ಮೆಕ್ಟೈಟನ್ನೂ ಕೊಡುವ ರೂಢಿ ಬಹು ದೇಶಗಳಲ್ಲಿ ನಡೆದುಬಂದಿದೆ. ಬಸುರಿಯರು ಮಣ್ಣು ತಿನ್ನುವುದನ್ನು ಮಾತ್ರ ಇದರೊಡನೆ ಸೇರಿಸಬಾರದು. ಜೇಡಿಯು ಆಹಾರದ ಕಬ್ಬಿಣವನ್ನೂ ಹಿಡಿದಿಟ್ಟುಕೊಂಡು ರಕ್ತಹೀನತೆಯನ್ನು ಹೆಚ್ಚಿಸಬಲ್ಲುದು. ಹೊಸತೆಂದರೆ, ಔಷಧಿಯ ಅಣುವನ್ನು ಪದರಗಳ ನಡುವೆ ಬಾಡಿಗೆಗೆ ಇರಿಸುವ ಉಪಾಯ. ಮಾತ್ರೆಯೊಂದು ಹೊಟ್ಟೆಯಲ್ಲಿ ಒಮ್ಮೆಲೇ ಕರಗಿದರೆ ರಕ್ತದಲ್ಲಿ ಔಷಧಿ ತಟ್ಟನೆ ಏರಿ, ಬೇಗನೆ ಇಳಿಯುವುದು. ಪದರಗಳ ನಡುವೆ ಇದ್ದರೆ ದೇಹದ್ರವದ ಅಯಾನುಗಳು ಒಳಹೊಕ್ಕಂತೆ ಅದು ಸ್ವಲ್ಪ ಸ್ವಲ್ಪವಾಗಿ ಹೊರಬರುವುದು. ಧನವಾದ ಔಷಧಿಗೆ ಮಾಂಟ್‌ಮೊರಿಲೊನೈಟು ಒಪ್ಪುವುದು. ಐಬುಪ್ರೊಫೇನಿನಂತಹ ನೋವಿನ ಔಷಧಿಗಳು ದ್ರಾವಣದಲ್ಲಿ ಋಣ ಅಯಾನುಗಳಾಗುವುವು; ಅವುಗಳಿಗೆ ಬೇರೆಯ ಮನೆ ಬೇಕು.

ಆ ಬೇರೆಯ ಮನೆಯ ವಿಷಯವೇ ನನಗೆ ಅತ್ಯಂತ ಸ್ವಾರಸ್ಯವಾಗಿ ತೋರಿದುದು. ಮೆಗ್ನೀಸಿಯಂ ಹೈಡ್ರಾಕ್ಸೈಡಿನ ಹಾಳೆಯನ್ನು ತೆಗೆದುಕೊಂಡು ಅದರಲ್ಲಿ ಕೆಲವು ಮೆಗ್ನೀಸಿಯಂಗಳ ಸ್ಥಾನದಲ್ಲಿ ಅಲ್ಯುಮಿನಿಯಂ ಇರಿಸಿದರೆ, ಈ ಸಲ ಒಂದು ಧನ ಹೆಚ್ಚಾಗುವುದು. ಅವೇ ಎರಡು ಲೋಹಗಳು. ಯಾರು ಯಾರ ಜಾಗದಲ್ಲಿ ಕುಳಿತರೆಂಬುದರಿಂದ ಪದರದ ಗುಣವೇ ತಿರುಗುಮುರುಗಾಯಿತು! ಈ ಧನ ಪದರಗಳು ನಡುವೆ ಋಣ ಅಯಾನುಗಳನ್ನು ಇಟ್ಟುಕೊಳ್ಳುವುವು. ಇಂತಹ ನೈಸರ್ಗಿಕ ಖನಿಜಕ್ಕೆ ಹೈಡ್ರೋಟಾಲ್ಸೈಟ್ ಎಂದು ಹೆಸರು. 1842ರಿಂದ ಬಲ್ಲುದು, ಎದೆಯುರಿಯ ಮಾತ್ರೆಯಾಗಿಯೂ ಬಳಕೆಯಲ್ಲಿದೆ. ಪ್ರಯೋಗಶಾಲೆಯಲ್ಲಿ ಮಾಡುವ ಈ ಬಗೆಯ ವಸ್ತುಗಳಿಗೆ ಪದರದ ಜೋಡಿ ಹೈಡ್ರಾಕ್ಸೈಡುಗಳೆನ್ನುವರು. ಕೊರಿಯದ ಚೋಯ್ ಮತ್ತು ಸಂಗಡಿಗರು 1999ರಲ್ಲಿ ಡಿ.ಎನ್.ಎ.ಯನ್ನೇ ಈ ಪದರಗಳ ನಡುವೆ ಸೇರಿಸಿದರು. ಆದರೆ ಈ ಪದರಗಳು ಆಮ್ಲದಲ್ಲಿ ಕರಗುವುವು. ಆದುದರಿಂದ ಜಠರವನ್ನು ದಾಟಿ ಕರುಳಿಗೆ ಔಷಧಿ ಮುಟ್ಟಬೇಕಾದರೆ ಮೇಲೊಂದು ಲೇಪನ ಬೇಕಾಗುವುದು. ಬೆಂಗಳೂರು ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಬೆಂಗಳೂರು ವಿಶ್ವವಿದ್ಯಾನಿಲಯದ ಪಿ. ವಿಷ್ಣು ಕಾಮತರೂ ಸೇಂಟ್ ಜೋಸೆಫ್ ಕಾಲೇಜಿನ ಮೈಕೇಲ್ ರಾಜಮತಿಯವರೂ ಜೋಡಿ ಹೈಡ್ರಾಕ್ಸೈಡುಗಳನ್ನು ಕುರಿತು ವರ್ಷಾನುಗಟ್ಟಲೆ ದುಡಿದವರು. ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದ ಎಂ. ಈಶ್ವರಮೂರ್ತಿಯವರ ತಂಡವು ಅಮೈನೋಕ್ಲೇ ಎಂಬ, ನೀರಿನಲ್ಲಿ ಧನವಾಗಿ ಬಿಡಿಬಿಡಿಯಾಗುವ ಕೃತಕ ಜೇಡಿಯ ನಾನಾ ಉಪಯೋಗಗಳನ್ನು 2013ರಲ್ಲಿ ವಿಮರ್ಶಿಸಿತು. ಕಾಲೇಜೊಂದರ ಪ್ರಯೋಗಶಾಲೆಯಲ್ಲಿಯೂ ಇಂತಹ ಕೆಲಸ ನಡೆಯಬಲ್ಲುದೆಂಬುದನ್ನು ನಮ್ಮ ವಿಜ್ಞಾನ ವಿಭಾಗದ ಮಿತ್ರರು ಗಮನಿಸಲಿ.

ಇನ್ನು ನೀರಿನ ವಿಷಯ. ನನ್ನ ಊರು ಚನ್ನರಾಯಪಟ್ಟಣದ ಬಯಲಿನಲ್ಲಿದೆ. ನನ್ನ ತಂಗಿಯ ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆಗಳಿವೆ. ಸರಿಯಾಗಿ ತಿಕ್ಕದೆ ಹೀಗಾಯಿತೆಂದು ತಾಯಿ ಅವಳನ್ನು ಗದರಿಸಿ ಬೂದಿಯಿಂದ ತಿಕ್ಕಿಸುತ್ತಿದ್ದರು. ಕೊಳವೆಬಾವಿಯ ನೀರಿನ ಫ್ಲೋರೈಡು, ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿಯೇ ಈ ಗುರುತನ್ನು ಬರೆದುಬಿಡುವುದು. ಆಮೇಲೆ ತಿಕ್ಕಿ ಅಳಿಸಲಾಗದು. ಇದನ್ನು ನಾನು ಓದಿ ಮನೆಯಲ್ಲಿ ಹೇಳಿದ ದಿನ ತಾಯಿ ಬಹಳ ಹೊತ್ತು ಮಾತನಾಡಲಿಲ್ಲ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡು ಮಿತಿ. ಬೇರೆ ನೀರೇ ಇಲ್ಲದೆಡೆ 1.5ರವರೆಗೆ ಒಪ್ಪಬಹುದು. ಫ್ಲೋರೈಡು ಬರುವುದು ಕಣಶಿಲೆಯೊಳಗಿನ ಖನಿಜಗಳಿಂದ. ಅವುಗಳಲ್ಲಿ ಕರಿಯ ಅಭ್ರಕವೂ ಒಂದು. ಅದೂ ಪದರದ ಖನಿಜವೇ. ಪದರವೇ ಕೊಟ್ಟ ಕಷ್ಟವನ್ನು ಪದರದಿಂದಲೇ ತೆಗೆಯಬಹುದೆ?

ಇಲ್ಲಿ ಜನ ಸಾಮಾನ್ಯವಾಗಿ ತಪ್ಪುವರು. ಜೇಡಿ ನೀರನ್ನು ಶುದ್ಧಮಾಡುವುದೆಂದು ಕೇಳಿ, ಯಾವ ಜೇಡಿಯಾದರೂ ಆದೀತೆಂದುಕೊಳ್ಳುವರು. ಫ್ಲೋರೈಡು ಋಣ ಅಯಾನು. ಕೆಯೋಲಿನೈಟಿನ ಪದರವೂ ಋಣ. ಸೀಸ, ಕ್ಯಾಡ್ಮಿಯಂಗಳಂತಹ ಧನ ಅಯಾನುಗಳನ್ನು ಹಿಡಿಯಬಲ್ಲ ಮಣ್ಣು ಫ್ಲೋರೈಡನ್ನು ಹಿಡಿಯುವುದು ಅಲ್ಪಸ್ವಲ್ಪ, ಅದೂ ಅಂಚುಗಳಲ್ಲಿ. ಬೇಕಾದುದು ಧನ ಪದರ. ಜೋಡಿ ಹೈಡ್ರಾಕ್ಸೈಡನ್ನು 400ರಿಂದ 500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ ನೀರೂ ಕಾರ್ಬೊನೇಟೂ ಹೊರಟುಹೋಗಿ ಪದರಗಳು ಕುಸಿಯುವುವು. ಆ ಪುಡಿಯನ್ನು ನೀರಿಗೆ ಹಾಕಿದರೆ, ಹಿಂದಿನ ರೂಪವನ್ನು ನೆನಪಿಸಿಕೊಂಡಂತೆ, ಕೈಗೆ ಸಿಕ್ಕ ಋಣ ಅಯಾನುಗಳನ್ನು ಒಳಗೆಳೆದುಕೊಂಡು ಪದರಗಳು ಮತ್ತೆ ಕಟ್ಟಿಕೊಳ್ಳುವುವು. ಫ್ಲೋರೈಡು ಹೀಗೆ ಸೆರೆಯಾಗುವುದು.

ಇಂತಹ ಧನ ಹಾಳೆ ನಮಗೆ ಅಪರಿಚಿತವೂ ಅಲ್ಲ. ನುಗ್ಗೇಹಳ್ಳಿಯಲ್ಲಿ 1246ರಲ್ಲಿ ಕಟ್ಟಿದ ಲಕ್ಷ್ಮೀನರಸಿಂಹ ದೇವಾಲಯವನ್ನು ಬಲ್ಲಿರಷ್ಟೆ. ಹೊಯ್ಸಳ ಶಿಲ್ಪಿಗಳ ಬಳಪದ ಕಲ್ಲು ಕ್ಲೋರೈಟು, ಟಾಲ್ಕುಗಳಂತಹ ಪದರದ ಖನಿಜಗಳಿಂದಾದುದು. ಪದರಗಳು ಜಾರುವುದರಿಂದಲೇ ಅದು ಉಳಿಗೆ ಮೆತ್ತಗೆ. ಕ್ಲೋರೈಟಿನಲ್ಲಿ ಎರಡು ಋಣ ಪದರಗಳ ನಡುವೆ ಮೆಗ್ನೀಸಿಯಂ, ಅಲ್ಯುಮಿನಿಯಂಗಳ ಧನ ಹೈಡ್ರಾಕ್ಸೈಡು ಹಾಳೆಯೊಂದು ಕುಳಿತಿರುವುದು. ವಿಜ್ಞಾನಿಗಳು ಪ್ರತ್ಯೇಕವಾಗಿ ಮಾಡುವ ಹಾಳೆ ಬಹುಮಟ್ಟಿಗೆ ಅದೇ. ಕಲ್ಲಿನಲ್ಲಿ ಅದು ಬಿಗಿಯಾಗಿ ಸಿಕ್ಕಿಕೊಂಡಿದೆ. ನೀರಿನ ಕೆಲಸಕ್ಕೆ ಬಾರದು. ಅದೇ ನುಗ್ಗೇಹಳ್ಳಿಯ ಶಿಲಾಪಟ್ಟಿಯಲ್ಲಿ ಬೈರಾಪುರದ ಕ್ರೋಮೈಟ್ ಗಣಿಯೂ ಇದೆ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನ ಸಂಸ್ಥೆಯ ವಿಜ್ಞಾನಿಗಳು ಈ ಗಣಿಗಳ ಸುತ್ತಲಿನ ಮಣ್ಣನ್ನು ಪರೀಕ್ಷಿಸಿ, ಕ್ರೋಮಿಯಂ ಮೊದಲಾದ ಭಾರ ಲೋಹಗಳು ಹೆಚ್ಚಿರುವುದನ್ನು 2013ರಲ್ಲಿ ಪ್ರಕಟಿಸಿದರು. ಕ್ರೋಮಿಯಮ್ಮಿನ ವಿಷಕರ ರೂಪವಾದ ಕ್ರೋಮೇಟು ಕೂಡ ಋಣ ಅಯಾನೇ. ಎಂದರೆ ನಮ್ಮ ಸೀಮೆಯ ಎರಡು ಚಿಂತೆಗಳಿಗೂ ಒಂದೇ ಬಗೆಯ ಪದರ ಬೇಕು.

ಹಾಗಾದರೆ ಊರೂರಿಗೆ ಏಕೆ ಬಂದಿಲ್ಲವೆಂದು ಕೇಳಬಹುದು. ಧನ ಪದರಗಳಿಗೆ ಎಲ್ಲಕ್ಕಿಂತ ಪ್ರೀತಿ ಕಾರ್ಬೊನೇಟಿನ ಮೇಲೆ. ಫ್ಲೋರೈಡು ಹೆಚ್ಚಿರುವ ನೀರಿನಲ್ಲಿ ಬೈಕಾರ್ಬೊನೇಟೂ ಹೆಚ್ಚಾಗಿರುವುದೇ ವಾಡಿಕೆ, ಏಕೆಂದರೆ ಕ್ಷಾರಗುಣದ ನೀರೇ ಅಭ್ರಕದಿಂದ ಫ್ಲೋರೈಡನ್ನು ಬಿಡಿಸುವುದು. ಬಟ್ಟಿ ಇಳಿಸಿದ ನೀರಿನಲ್ಲಿ ಗೆದ್ದ ಪುಡಿ ನಮ್ಮ ಕೊಳವೆಬಾವಿಯಲ್ಲಿ ಸೋಲಬಹುದು. ಪ್ರಯೋಗಶಾಲೆಯ ಅಂಕಿಗಳನ್ನು ಓದುವಾಗ, ಯಾವ ನೀರಿನಲ್ಲಿ ಪರೀಕ್ಷಿಸಿದರೆಂಬುದನ್ನು ಮೊದಲು ನೋಡಬೇಕೆಂದು ಇದರಿಂದ ಕಲಿತೆನು. ಪಟಿಕ ಮತ್ತು ಸುಣ್ಣದ ನಲ್ಗೊಂಡ ವಿಧಾನ, ಕ್ರಿಯಾಶೀಲ ಅಲ್ಯುಮಿನ, ಈಗ ಹಳ್ಳಿಗಳಲ್ಲಿ ಕಾಣುವ ಶುದ್ಧ ನೀರಿನ ಘಟಕಗಳು, ಇವೆಲ್ಲ ಇದ್ದೇ ಇವೆ. ಘಟಕವು ಒಂದು ಪಾಲು ನೀರನ್ನು ಮೋರಿಗೆ ಬಿಡುವುದು. ಕೆಟ್ಟರೆ ತಿಂಗಳುಗಟ್ಟಲೆ ಬೀಗ. ನಮ್ಮೂರಿನಲ್ಲಿ ಅದನ್ನು ಕಂಡಿರುವೆನು.

ಇನ್ನೊಂದು ತೊಡಕನ್ನು ಲೇಖನಗಳು ಕೊನೆಯ ಪಂಕ್ತಿಗಳಿಗೆ ಬಿಡುವುದುಂಟು. ಫ್ಲೋರೈಡನ್ನು ಹಿಡಿದ ಪುಡಿಯನ್ನು ಎಲ್ಲಿ ಚೆಲ್ಲುವುದು? ಕ್ಷಾರದಲ್ಲಿ ತೊಳೆದರೆ ಪುಡಿ ಮತ್ತೆ ಉಪಯೋಗಕ್ಕೆ ಬರುವುದು, ಆದರೆ ತೊಳೆದ ನೀರಿನಲ್ಲಿ ಫ್ಲೋರೈಡು ಮೊದಲಿಗಿಂತ ಮಂದವಾಗಿರುವುದು. ಅದನ್ನು ಕೆರೆಯ ಹಿಂಭಾಗದಲ್ಲಿ ಸುರಿದರೆ ಎರಡು ಮಳೆಗಾಲದಲ್ಲಿ ಅದೇ ಕೊಳವೆಬಾವಿಗೆ ಇಳಿದೀತು. ಸುಣ್ಣದೊಡನೆ ಸೇರಿಸಿ ಕರಗದ ಕ್ಯಾಲ್ಸಿಯಂ ಫ್ಲೋರೈಡಾಗಿ ಗಟ್ಟಿಮಾಡಬಹುದು. ಆದರೆ ಆ ಕೆಸರನ್ನು ತುಂಬಿಡಲು ಒಂದು ಗಚ್ಚಿನ ಗುಂಡಿಯೂ, ಅದನ್ನು ನೋಡಿಕೊಳ್ಳಲು ಊರಿನಲ್ಲಿ ಒಬ್ಬ ಸಂಬಳದ ಮನುಷ್ಯನೂ ಬೇಕು.