ಸಣ್ಣ ಊರಿನ ವಿಮಾನ ಏಕೆ ನಿಲ್ಲುತ್ತದೆ?

ದಮ್‌ದಮ್‌ನಿಂದ ಬೆಂಗಳೂರಿಗೆ ಎರಡೂವರೆ ತಾಸು ಸಾಕು. ಅಲ್ಲಿಂದ ಬೀದರಿಗೆ ರೈಲಿನಲ್ಲಿ ಒಂದು ಇಡೀ ರಾತ್ರಿ ಬೇಕು. ಸೆಕ್ಟರ್ ಫೈವಿನಲ್ಲಿ ದುಡಿಯುವ ಬೀದರಿನವರು ಹೈದರಾಬಾದಿನ ದಾರಿ ಹಿಡಿಯಬಹುದು, ನಿಜ. ಆದರೆ ಊರಿನಲ್ಲೇ ಇದ್ದು ರಾಜಧಾನಿಯ ಕಚೇರಿಗೋ ದೊಡ್ಡ ಆಸ್ಪತ್ರೆಗೋ ಹೋಗಬೇಕಾದವರ ಪಾಡೇನು?

ಬೀದರಿನಿಂದ ಬೆಂಗಳೂರಿಗೆ ವಿಮಾನ ಹೊರಟದ್ದು 2020ರ ಫೆಬ್ರುವರಿಯಲ್ಲಿ. ಟ್ರೂಜೆಟ್ ಕಂಪನಿ ನಡೆಸುತ್ತಿದ್ದ ಆ ಹಾರಾಟ ಹೆಚ್ಚು ಕಾಲ ಬಾಳಲಿಲ್ಲ. 2022ರಲ್ಲಿ ಸ್ಟಾರ್ ಏರ್ ಬಂದಿತು. 2023ರ ಕೊನೆಗೆ ಅದೂ ನಿಂತಿತು. ಮತ್ತೆ ಆರಂಭವಾದದ್ದು 2025ರ ಏಪ್ರಿಲಿನಲ್ಲಿ. ಊರಿನವರಿಗೆ ಬೇಕೆನಿಸಿದ ವಿಮಾನ ಹೀಗೆ ಬಂದು ಹೋಗುವುದೇಕೆಂದು ವಿಚಾರಿಸೋಣ.

ವಿಮಾನದ ಖರ್ಚಿನ ಬಹುಪಾಲು ಪ್ರಯಾಣಿಕರ ಸಂಖ್ಯೆಯನ್ನು ನೋಡುವುದಿಲ್ಲ. ಚಾಲಕರ ಸಂಬಳ, ವಿಮಾನದ ಬಾಡಿಗೆ, ತಪಾಸಣೆ ಇವೆಲ್ಲವೂ ಐವತ್ತು ಮಂದಿ ಕುಳಿತರೂ ಅಷ್ಟೇ, ಹದಿನೈದು ಮಂದಿ ಕುಳಿತರೂ ಅಷ್ಟೇ. ದಾರಿ ಚಿಕ್ಕದಾದಷ್ಟೂ ಇಂಧನದ ಲೆಕ್ಕ ಕೆಡುತ್ತದೆ, ಏಕೆಂದರೆ ಮೇಲೇರುವಾಗಲೇ ಅದು ಹೆಚ್ಚು ಸುಡುತ್ತದೆ. ಸಾಲದ್ದಕ್ಕೆ ಬೀದರಿನ ಪಕ್ಕದಲ್ಲೇ ಹೈದರಾಬಾದಿನ ದೊಡ್ಡ ನಿಲ್ದಾಣವಿದ್ದು ಪ್ರಯಾಣಿಕರನ್ನು ತನ್ನತ್ತ ಎಳೆಯುತ್ತದೆ.

ಈ ಕೊರತೆಯನ್ನು ತುಂಬಲೆಂದೇ ಕೇಂದ್ರ ಸರ್ಕಾರವು 2016ರಲ್ಲಿ ಉಡಾನ್ ಯೋಜನೆಯನ್ನು ಪ್ರಕಟಿಸಿತು. ಸುಮಾರು ಒಂದು ತಾಸಿನ ಹಾರಾಟಕ್ಕೆ 2,500 ರೂಪಾಯಿಯ ಮಿತಿಯೆಂದು ಮೊದಲು ಗೊತ್ತುಮಾಡಿ, ಅರ್ಧದಷ್ಟು ಆಸನಗಳನ್ನು ಮಿತಿದರದಲ್ಲಿ ಕೊಡತಕ್ಕದ್ದೆಂದು ವಿಧಿಸಿತು. ನಷ್ಟಕ್ಕೆ ಮೂರು ವರ್ಷ ಸಹಾಯಧನ. ಈ ಹಣ ಎಲ್ಲಿಂದ ಬರುತ್ತದೆ? ಒಂದು ಭಾಗ ರಾಜ್ಯಗಳದು, ಉಳಿದದ್ದು ದೊಡ್ಡ ನಗರಗಳ ನಡುವೆ ಹಾರುವ ವಿಮಾನಗಳ ಮೇಲಿನ ಸುಂಕದಿಂದ. ಎಂದರೆ ಕಲ್ಕತ್ತೆಯಿಂದ ಬೆಂಗಳೂರಿಗೆ ಹೋಗುವ ನಮ್ಮ ಟಿಕೇಟಿನ ಒಂದು ಚೂರು ಇಂಥ ಊರುಗಳಿಗೆ ಸಲ್ಲುತ್ತದೆ. ಇದು ನ್ಯಾಯವೆಂದೇ ನಮ್ಮ ಮತ. ಆದರೆ ಮೂರು ವರ್ಷವೆಂಬ ಗಡುವು ಮಾತ್ರ ನಮಗೆ ಒಪ್ಪಿಗೆಯಾಗದು. ಜನರಿಗೆ ವಿಮಾನ ರೂಢಿಯಾಗಬೇಕಾದರೆ ಅದು ತಪ್ಪದೆ ಬರಬೇಕು; ಒಮ್ಮೆ ನಿಂತಿತೆಂದರೆ ನಂಬಿದವರೂ ಮತ್ತೆ ರೈಲು ಹತ್ತುತ್ತಾರೆ.

ಜಪಾನಿನ ಅಮಾಕುಸ ದ್ವೀಪಗಳಲ್ಲಿ ಇದಕ್ಕೆ ಬೇರೆ ದಾರಿ ಕಂಡುಕೊಂಡಿದ್ದಾರೆ. ಅಮಾಕುಸ ಏರ್‌ಲೈನ್ಸ್ 2000ದ ಮಾರ್ಚಿನಲ್ಲಿ ಒಂದೇ ಒಂದು ವಿಮಾನದಿಂದ ಆರಂಭವಾಯಿತು. 2016ರಲ್ಲಿ ಹಳೆಯದನ್ನು ಬಿಟ್ಟು ಹೊಸದನ್ನು ತಂದಾಗಲೂ ತಂದದ್ದು ಒಂದೇ, 48 ಆಸನಗಳದು. ಫುಕುವೋಕ ನಗರಕ್ಕೆ ಅದು ಅರ್ಧ ತಾಸಿಗೆ ತುಸು ಹೆಚ್ಚಿನಲ್ಲಿ ತಲುಪುತ್ತದೆ. ಕುಮಾಮೊಟೊ ಪ್ರಾಂತದ ಸರ್ಕಾರವೂ ಅಲ್ಲಿನ ಪಟ್ಟಣಗಳೂ ಕಂಪನಿಯ ಮುಖ್ಯ ಪಾಲುದಾರರು. ವಿಮಾನವು ಅವರಿಗೆ ರಸ್ತೆ, ಸೇತುವೆಗಳಂತೆ ಊರಿನ ಸ್ವತ್ತು. ಹಾಗೆಂದು ತೊಡಕಿಲ್ಲದೆ ಇಲ್ಲ: ಇರುವ ಒಂದು ವಿಮಾನ ತಪಾಸಣೆಗೆ ಹೋದರೆ ಹಾರಾಟಕ್ಕೆ ಕುತ್ತು.

ನಮ್ಮ ಬಂಗಾಳದಲ್ಲೂ ಉದಾಹರಣೆಯುಂಟು. ಈಶಾನ್ಯದ ಊರುಗಳಿಗಾಗಿ 1981ರಲ್ಲಿ ಹುಟ್ಟಿದ ಸರ್ಕಾರಿ ವಾಯುದೂತ್ 1993ರಲ್ಲಿ ಇಂಡಿಯನ್ ಏರ್‌ಲೈನ್ಸಿನಲ್ಲಿ ಕರಗಿತು. ಕೂಚ್‌ಬಿಹಾರಿಗೆ 2023ರ ಫೆಬ್ರುವರಿಯಲ್ಲಿ ಕಲ್ಕತ್ತೆಯಿಂದ ಮತ್ತೆ ವಿಮಾನ ಹೊರಟಾಗ ಅದರಲ್ಲಿದ್ದ ಆಸನಗಳು ಒಂಬತ್ತು. ಇಂಥ ವಿಮಾನದಲ್ಲಿ ಒಬ್ಬ ಪ್ರಯಾಣಿಕ ಕಡಿಮೆಯಾದರೂ ಒಂಬತ್ತರಲ್ಲೊಂದು ಪಾಲು ವರಮಾನ ಹೋದಂತೆ.